ಮಟ್ಟುಗುಳ್ಳದ ಐತಿಹ್ಯ ಮತ್ತು ಕುಲಾಂತರಿ ಬದನೆಯ ನಿಯಂತ್ರಣ

ಉಡುಪಿ ಸಮೀಪದ ಮಟ್ಟು ಗ್ರಾಮದ ಗುಳ್ಳದ ಬೀಜವನ್ನು ಸೋದೆಯ ವಾದಿರಾಜರು ಅನುಗ್ರಹಿಸಿದರೆಂಬುದು ಜನಜನಿತ ಐತಿಹ್ಯ. ಇದನ್ನು ಕೇವಲ ಭಕ್ತಿಕಥನವೆಂದು ಪರಿಗಣಿಸಿದರೆ ಓದು ಅಪೂರ್ಣವಾಗುತ್ತದೆ. ಬೀಜವು ಕೊಂಡ ಸರಕಲ್ಲ, ಪಡೆದ ಪ್ರಸಾದ. ಅದನ್ನು ಕೆಡದಂತೆ ಕಾಯುವ ಹೊಣೆ ಊರಿನದು ಎಂಬ ಕಟ್ಟಳೆ ಈ ಐತಿಹ್ಯದಲ್ಲಿ ಅಡಗಿದೆ.

ಪ್ರಭುತ್ವದ ಕಟ್ಟಳೆ ಬೇರೆ ಬಗೆಯದು. 2001ರಲ್ಲಿ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿ ಉದ್ಯಮವನ್ನು ಆಹ್ವಾನಿಸಿದ ಕರ್ನಾಟಕವೇ ಬಿ.ಟಿ. ಬದನೆಯ ಬಿಡುಗಡೆಯನ್ನು ಮುಂದೂಡುವಂತೆ ಕೇಂದ್ರವನ್ನು ಕೋರಿತು. 2009ರ ಅಕ್ಟೋಬರಿನಲ್ಲಿ ತಜ್ಞರ ಅನುಮೋದನಾ ಸಮಿತಿ ಒಪ್ಪಿದ ತಳಿಗೆ, ಬೆಂಗಳೂರೂ ಸೇರಿದಂತೆ ಏಳು ನಗರಗಳ ಸಾರ್ವಜನಿಕ ಸಮಾಲೋಚನೆಯ ಬಳಿಕ, 2010ರ ಫೆಬ್ರವರಿ 9ರಂದು ಸಚಿವ ಜೈರಾಂ ರಮೇಶ್ ತಡೆ ವಿಧಿಸಿದರು. ಉತ್ತೇಜಕನೂ ನಿಯಂತ್ರಕನೂ ಒಬ್ಬನೇ ಆದಾಗ ಜನರ ಮಾತೇ ಅಂಕುಶವಾಗಬೇಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಆದರೆ ತಡೆಯೆಂಬುದು ಹಕ್ಕಲ್ಲ. 2011ರಲ್ಲಿ ಮಟ್ಟುಗುಳ್ಳಕ್ಕೆ ದೊರೆತ ಭೌಗೋಳಿಕ ಸೂಚಿಯೂ ಹೆಸರನ್ನು ಕಾಯುತ್ತದೆಯೇ ಹೊರತು ದುಂಬಿಗಳು ಒಯ್ಯುವ ಪರಾಗವನ್ನು ತಡೆಯಲಾರದು. 2002ರ ಜೀವವೈವಿಧ್ಯ ಕಾಯಿದೆಯನ್ವಯ ಸಿದ್ಧವಾಗುವ ಜನತಾ ಜೀವವೈವಿಧ್ಯ ದಾಖಲೆಗಳಲ್ಲಿ ತಳಿಯ ಲಕ್ಷಣಗಳೊಡನೆ ಅದರ ಐತಿಹ್ಯವೂ ಪಾಲನೆಯ ಸಾಕ್ಷ್ಯವಾಗಿ ಸೇರಬೇಕು. ಹಾಗಾಗದಿದ್ದಲ್ಲಿ ಕಾನೂನಿನ ಕಣ್ಣಿಗೆ ಬೀಜ ಕಾಣುತ್ತದೆ, ಬೀಜ ಕಾಯ್ದವರು ಕಾಣುವುದಿಲ್ಲ.