ಪಕ್ಕವಾದ್ಯದವರ ರೆಕಾರ್ಡುಗಳು

ಪಿಯಾನೊ ಮತ್ತು ಬಾಸ್ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಳ್ಳುವಂತೆ 'ಸೋ ವಾಟ್' ಶುರುವಾಗುತ್ತದೆ. ತಾಳ ಇನ್ನೂ ಕಟ್ಟಿರುವುದಿಲ್ಲ. ಅರ್ಧ ನಿಮಿಷ ಕಳೆಯುವ ಹೊತ್ತಿಗೆ ಪಾಲ್ ಚೇಂಬರ್ಸ್ ಅವರ ಬಾಸ್ ಒಂದು ಸಣ್ಣ ಪ್ರಶ್ನೆ ಎತ್ತುತ್ತದೆ. ಬಿಲ್ ಇವಾನ್ಸ್ ಅವರ ಪಿಯಾನೊ ಎರಡೇ ಏಟಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಬಾಸ್ ಮತ್ತೆ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಟ್ರಂಪೆಟ್ಟೂ ಎರಡು ಸ್ಯಾಕ್ಸೊಫೋನ್‌ಗಳೂ ಆ ಎರಡೇಟಿನ ಉತ್ತರಕ್ಕೆ ಸೇರಿಕೊಳ್ಳುತ್ತವೆ. ಪಲ್ಲವಿ ಎತ್ತಿಕೊಳ್ಳಬೇಕಾದ ಮುಂದಿನ ಸಾಲಿನವರು ಬರೀ 'ಹೂಂ'ಗುಟ್ಟುತ್ತಿದ್ದಾರೆ. ಪಲ್ಲವಿ ಇರುವುದು ಹಿಂದಿನ ಸಾಲಿನ ವಾದ್ಯದಲ್ಲಿ. ಇದು ಮುಗಿದು ಮೈಲ್ಸ್ ಡೇವಿಸ್ ತಮ್ಮ ಸೋಲೋಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಜಿಮ್ಮಿ ಕಾಬ್ ಸಿಂಬಲ್ಲಿಗೆ ಒಂದು ಪೆಟ್ಟು ಕೊಡುತ್ತಾರೆ. ಕೊಂಚ ಜೋರಾದ ಪೆಟ್ಟೇ. ಅದರ ಗುಂಗು ಕರಗುತ್ತಿರುವಾಗಲೇ ಟ್ರಂಪೆಟ್ ತನ್ನ ಮೊದಲ ಸ್ವರಗಳನ್ನು ಇಡುತ್ತದೆ. ಆ ಪೆಟ್ಟನ್ನು ತೆಗೆದರೆ ಆ ಪ್ರವೇಶಕ್ಕೆ ಬಾಗಿಲೇ ಇರುವುದಿಲ್ಲ.

'ಸೋ ವಾಟ್' ಇರುವ, 1959ರ ಆಗಸ್ಟ್‌ನಲ್ಲಿ ಕೊಲಂಬಿಯಾ ಕಂಪನಿ ಹೊರತಂದ 'ಕೈಂಡ್ ಆಫ್ ಬ್ಲೂ' ರೆಕಾರ್ಡಿನ ಕವರಿನ ಮೇಲೆ ದೊಡ್ಡಕ್ಷರದ ಹೆಸರು ಡೇವಿಸ್ ಅವರದು, ಚಿತ್ರವೂ ಅವರದೇ. ಇದರಲ್ಲಿ ಅನ್ಯಾಯವೇನೂ ಕಾಣದು. ಆ ಆರು ಮಂದಿಯನ್ನು ಒಂದು ಕೋಣೆಯಲ್ಲಿ ಕೂಡಿಸಿದವರು ಅವರೇ. ಆದರೆ 1950ರ ದಶಕದ ನಡುವಿನಿಂದ 1960ರ ದಶಕದ ನಡುವಿನವರೆಗೆ ನ್ಯೂಯಾರ್ಕ್ ಮತ್ತು ಅದರ ಆಸುಪಾಸಿನಲ್ಲಿ ತಯಾರಾದ ಜಾಝ್ ಆಲ್ಬಂಗಳನ್ನು ಒಂದರ ಹಿಂದೊಂದು ಕೇಳುತ್ತಾ ಹೋದರೆ ಕವರಿನ ಹೆಸರಿಗೂ ಒಳಗಿನ ಸಂಗೀತಕ್ಕೂ ತಾಳೆಯಾಗುವುದು ಕಡಿಮೆ. ಈ ಪರಂಪರೆಯ ಉಸಿರು ಇರುವುದು ಪಕ್ಕವಾದ್ಯದಲ್ಲಿ. ವಿಮರ್ಶೆಯೂ ಅಭಿಮಾನವೂ ಬಹುಮಟ್ಟಿಗೆ ಟ್ರಂಪೆಟ್, ಸ್ಯಾಕ್ಸೊಫೋನ್ ಹಿಡಿದವರ ಸುತ್ತಲೇ ಸುತ್ತಿವೆ.

ಈ ಸಂಗೀತ 'ಆಲ್ಬಂ' ಎಂಬ ರೂಪ ಪಡೆದದ್ದಕ್ಕೆ ಒಂದು ಯಾಂತ್ರಿಕ ಕಾರಣವೂ ಇದೆ. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ನಿಮಿಷದ ಆಸುಪಾಸು. ಅಷ್ಟರಲ್ಲಿ ಹಾಡಿನ ಮೊದಲು, ಕೊನೆ, ನಡುವೆ ಒಬ್ಬರ ಒಂದು ಪುಟ್ಟ ಸೋಲೋ, ಅಷ್ಟೇ. 1948ರಲ್ಲಿ ಕೊಲಂಬಿಯಾ ಎಲ್‌ಪಿ ತಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿತು. ಮನೋಧರ್ಮಕ್ಕೆ ಜಾಗವಾಯಿತು, ಅದಕ್ಕಿಂತ ಮುಖ್ಯವಾಗಿ, ಒಬ್ಬರ ಮನೋಧರ್ಮಕ್ಕೆ ಇನ್ನೊಬ್ಬರು ಓಗೊಡುವುದಕ್ಕೆ ಜಾಗವಾಯಿತು.

ಆ ಜಾಗವನ್ನು ಎಲ್ಲರಿಗಿಂತ ಕ್ರಮಬದ್ಧವಾಗಿ ಬಳಸಿದ್ದು ಬ್ಲೂ ನೋಟ್ ಕಂಪನಿ. ಬರ್ಲಿನ್‌ನಿಂದ ವಲಸೆ ಬಂದ ಆಲ್ಫ್ರೆಡ್ ಲಯನ್ 1939ರಲ್ಲಿ ಶುರುಮಾಡಿದ ಸಂಸ್ಥೆ ಇದು. ಅವರ ಬಾಲ್ಯದ ಗೆಳೆಯ, ಛಾಯಾಗ್ರಾಹಕ ಫ್ರಾನ್ಸಿಸ್ ವುಲ್ಫ್ ಬೇಗನೆ ಬಂದು ಜೊತೆಯಾದರು. ಇಬ್ಬರೂ ವಾದ್ಯ ನುಡಿಸುವವರಲ್ಲ. ಆದರೂ ಬೇರೆ ಸಣ್ಣ ಕಂಪನಿಗಳು ಮಾಡದ ಒಂದು ಕೆಲಸ ಮಾಡಿದರು: ರೆಕಾರ್ಡಿಂಗಿಗೆ ಮೊದಲು ವಾದಕರು ಕೂತು ತಾಲೀಮು ನಡೆಸುವುದಕ್ಕೂ ದುಡ್ಡು ಕೊಟ್ಟರು. ದಿನಗೂಲಿಯ ಲೆಕ್ಕದಲ್ಲಿ ಬದುಕುವ ಪಕ್ಕವಾದ್ಯದವರಿಗೆ ಇದು ಸಣ್ಣ ಸಂಗತಿಯಲ್ಲ. ತಾಲೀಮು ಇದ್ದದ್ದರಿಂದಲೇ ಅಲ್ಲಿ ಹೊಸ ರಚನೆಗಳು ಬಂದವು; ಎಲ್ಲರಿಗೂ ಬಾಯಿಪಾಠವಾದ ಹಳೆಯ ಹಾಡುಗಳ ಮೇಲೆ ಕಾಲ ತಳ್ಳುವ ಅಗತ್ಯ ಬೀಳಲಿಲ್ಲ. ಧ್ವನಿಮುದ್ರಣ ನಡೆಯುತ್ತಿದ್ದುದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ಅವರ ತಂದೆತಾಯಿಯ ಮನೆಯ ನಡುಮನೆಯಲ್ಲಿ. ವ್ಯಾನ್ ಗೆಲ್ಡರ್ ಹಗಲೆಲ್ಲ ಜನರ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುತ್ತಿದ್ದವರು. 1959ರಲ್ಲಿ ಅವರು ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಚಾವಣಿಯ ಸ್ವಂತ ಸ್ಟುಡಿಯೋ ಕಟ್ಟಿದರು. ಅವರ ರೆಕಾರ್ಡುಗಳಲ್ಲಿ ಡ್ರಮ್ಮಿನ ಒಂದೊಂದು ಕಡ್ಡಿಯ ತುದಿಯೂ ಕೇಳಿಸುತ್ತದೆ. ಪಿಯಾನೊ ಮಾತ್ರ ಹಲವು ಕಡೆ ಡಬ್ಬಿಯೊಳಗೆ ಕೂತಂತೆ ಮಂಕಾಗಿದೆ ಎಂಬ ದೂರು ಹಳೆಯದು, ಮತ್ತು ಅದು ನಿಜ ಕೂಡ.

1958ರ ಅಕ್ಟೋಬರ್ 30ರಂದು ಆ ನಡುಮನೆಯಲ್ಲೇ ಆರ್ಟ್ ಬ್ಲೇಕಿ ಅವರ ತಂಡ 'ಮೋನಿನ್' ನುಡಿಸಿತು. ತಂಡದ ಹೆಸರು ಜಾಝ್ ಮೆಸೆಂಜರ್ಸ್, ಯಜಮಾನರು ಡ್ರಮ್ಮರ್. ಶೀರ್ಷಿಕೆಯ ರಚನೆ ಪಿಯಾನೊದ ಬಾಬಿ ಟಿಮನ್ಸ್ ಅವರದು. ಹಾಡು ಹಾಡಿನ ನಡುವೆ ಅವರು ಸುಮ್ಮನೆ ಬೆರಳಾಡಿಸುತ್ತಿದ್ದ ಒಂದು ತುಣುಕು ಅದು. ಅದಕ್ಕೊಂದು ನಡುಭಾಗ ಸೇರಿಸಿ ಪೂರ್ತಿ ಹಾಡು ಮಾಡು ಎಂದು ಹಟ ಹಿಡಿದವರು ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಬೆನ್ನಿ ಗೋಲ್ಸನ್. ಪಿಯಾನೊ ಒಂದು ಸಾಲು ಹೇಳುತ್ತದೆ, ಉಳಿದವರು ಎರಡು ಸ್ವರದಲ್ಲಿ 'ಆಮೆನ್' ಅನ್ನುತ್ತಾರೆ. ಕಪ್ಪು ಜನರ ಚರ್ಚಿನಲ್ಲಿ ಪಾದ್ರಿ ಕೂಗಿದ್ದಕ್ಕೆ ಸಭೆ ಮರುದನಿ ಕೊಟ್ಟಂತೆ. 'ಸೋ ವಾಟ್'ನ ಎರಡೇಟಿನ ಉತ್ತರದ ಬೇರೂ ಅಲ್ಲೇ. ಟ್ರಂಪೆಟ್ ಹಿಡಿದ ಲೀ ಮಾರ್ಗನ್‌ಗೆ ಆಗ ಇಪ್ಪತ್ತು ವರ್ಷ. ಅವರ ಸೋಲೋ ಕಾವೇರಿದಾಗ ಬ್ಲೇಕಿ ಕೆಳಗಿನಿಂದ ಡ್ರಮ್ಮಿನ ಉರುಳಿನಲ್ಲಿ ಅವರನ್ನು ಎತ್ತಿ ಮುಂದಿನ ಸುತ್ತಿಗೆ ಒಗೆಯುತ್ತಾರೆ. ಕಲಿಸುವುದೆಂದರೆ ಹೀಗೆ. ವೇಯ್ನ್ ಶಾರ್ಟರ್, ಫ್ರೆಡ್ಡಿ ಹಬರ್ಡ್, ಮುಂದೆ ವಿಂಟನ್ ಮಾರ್ಸಾಲಿಸ್ ತನಕ ಎಷ್ಟೋ ಹುಡುಗರು ಆ ಡ್ರಮ್ಮಿನ ಮುಂದೆ ನಿಂತೇ ದೊಡ್ಡವರಾದರು.

'ಕೈಂಡ್ ಆಫ್ ಬ್ಲೂ' ಬಗ್ಗೆ ಒಂದು ದಂತಕಥೆ ಬೆಳೆದಿದೆ: ಯಾವ ತಯಾರಿಯೂ ಇಲ್ಲದೆ ಬಂದವರು ಒಂದೇ ಸಲಕ್ಕೆ ಎಲ್ಲವನ್ನೂ ನುಡಿಸಿ ಎದ್ದುಹೋದರು ಎಂದು. ಮಾರ್ಚ್ 2 ಮತ್ತು ಏಪ್ರಿಲ್ 22ರ ಆ ಎರಡು ದಿನಗಳ ಟೇಪಿನಲ್ಲಿ ಅರ್ಧಕ್ಕೆ ನಿಂತ ಆರಂಭಗಳಿವೆ. 'ಫ್ಲಮೆಂಕೊ ಸ್ಕೆಚಸ್' ಅನ್ನು ಪೂರ್ತಿ ಎರಡು ಸಲ ನುಡಿಸಿದ್ದಾರೆ. ಕೈಗೆ ಕೊಟ್ಟ ಹಾಳೆಯಲ್ಲಿ ಹೆಚ್ಚೇನೂ ಇರಲಿಲ್ಲ ಎನ್ನುವುದು ನಿಜ. 'ಸೋ ವಾಟ್'ನಲ್ಲಿ ಹದಿನಾರು ಅಳತೆ ಒಂದೇ ಸ್ವರಶ್ರೇಣಿ, ಮುಂದಿನ ಎಂಟು ಅದೇ ಶ್ರೇಣಿ ಅರ್ಧ ಸ್ವರ ಮೇಲೆ, ಕೊನೆಯ ಎಂಟು ಮತ್ತೆ ಮೊದಲಿನ ಜಾಗ. ಸ್ವರಸ್ಥಾನಗಳ ಲೆಕ್ಕದಲ್ಲಿ ಅದು ನಮ್ಮ ಖರಹರಪ್ರಿಯ. ಆದರೆ ಡೇವಿಸ್, ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್, ಚೇಂಬರ್ಸ್ 1955ರಿಂದಲೂ ಜೊತೆಗೆ ನುಡಿಸಿದವರು. ಇವಾನ್ಸ್ 1958ರಲ್ಲಿ ತಂಡದಲ್ಲಿದ್ದು, ಬಿಟ್ಟು, ಈ ರೆಕಾರ್ಡಿಗಾಗಿ ಮರಳಿ ಬಂದವರು. ಹಾಳೆ ಖಾಲಿ ಇದ್ದರೂ ಕಿವಿ ಖಾಲಿ ಇರಲಿಲ್ಲ. ದಂತಕಥೆ ಮರೆಸುವುದು ಇದನ್ನೇ.

ಇವಾನ್ಸ್ ಅವರ ಸ್ವಂತ ತಂಡದ ಕತೆ ಇನ್ನೂ ಸೂಕ್ಷ್ಮವಾದದ್ದು. ಪಿಯಾನೊ, ಬಾಸ್, ಡ್ರಮ್ಸ್ ಇರುವ ತ್ರಯದಲ್ಲಿ ಪಿಯಾನೊ ಹಾಡುತ್ತದೆ, ಉಳಿದೆರಡು ಕಾಲ ಎಣಿಸುತ್ತವೆ, ಇದು ರೂಢಿ. ಸ್ಕಾಟ್ ಲಫಾರೊ ಎಂಬ ತರುಣ ಬಾಸ್‌ವಾದಕ ಎಣಿಸಲು ಒಪ್ಪಲಿಲ್ಲ. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಮಧ್ಯಾಹ್ನ ಎರಡು, ರಾತ್ರಿ ಮೂರು ಸುತ್ತು ನುಡಿಸಿದ್ದನ್ನು ರಿವರ್‌ಸೈಡ್ ಕಂಪನಿ ಮುದ್ರಿಸಿಕೊಂಡಿತು. 'ವಾಲ್ಟ್ಸ್ ಫಾರ್ ಡೆಬಿ' ಕೇಳಿ. ಇವಾನ್ಸ್ ಒಂದು ಸಾಲನ್ನು ಅರ್ಧಕ್ಕೆ ಬಿಟ್ಟರೆ ಲಫಾರೊ ಬಾಸ್‌ನ ಮೇಲಿನ ಸ್ಥಾಯಿಗೆ ಏರಿ ಅದನ್ನು ಮುಗಿಸುತ್ತಾರೆ, ಅಥವಾ ಮುಗಿಸದೆ ಇನ್ನೊಂದು ಸಾಲನ್ನೇ ಎದುರಿಗಿಡುತ್ತಾರೆ. ಪಾಲ್ ಮೋಶನ್ ಬ್ರಷ್ಷಿನಿಂದ ಸವರುತ್ತಾ ಸವರುತ್ತಾ ಒಮ್ಮೆಲೆ ನಿಲ್ಲಿಸುತ್ತಾರೆ. ತಾಳ ಎಲ್ಲೂ ಹೋಗಿಲ್ಲ. ಮೂವರೂ ಅದನ್ನು ಮನಸ್ಸಿನಲ್ಲಿ ಹಾಕುತ್ತಿದ್ದಾರೆ, ಕೇಳುವವರೂ ಹಾಕಲಿ ಎಂದು ಬಿಟ್ಟಿದ್ದಾರೆ. ಹಿಂದೆ ಗ್ಲಾಸುಗಳ ಸದ್ದು, ಯಾರದೋ ನಗು, ಪಕ್ಕದ ಮೇಜಿನ ಹರಟೆ. ಆ ಹರಟೆಯವರಿಗೆ ಏನು ನಡೆಯುತ್ತಿದೆ ಎಂಬ ಅಂದಾಜಿದ್ದಂತೆ ಕಾಣದು. ಹನ್ನೊಂದು ದಿನ ಕಳೆದು, ಜುಲೈ 6ರಂದು, ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25. ಇವಾನ್ಸ್ ತಿಂಗಳುಗಟ್ಟಲೆ ಪಿಯಾನೊದಿಂದ ದೂರ ಉಳಿದರು. ಆ ಭಾನುವಾರದ ಮೊದಲ ಆಲ್ಬಂ ಲಫಾರೊ ಬರೆದ ರಚನೆಯಿಂದ ಶುರುವಾಗಿ ಲಫಾರೊ ಬರೆದ ಇನ್ನೊಂದು ರಚನೆಯಿಂದ ಮುಗಿಯುತ್ತದೆ.

ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' ಬಗ್ಗೆ ಬರೆಯುವವರು ಅದರ ಭಕ್ತಿಯ ಬಗ್ಗೆ ಬರೆಯುತ್ತಾರೆ, ಬರೆಯಲೇಬೇಕು. 1964ರ ಡಿಸೆಂಬರ್ 9ರಂದು ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಮುದ್ರಿತವಾದ, ಸುಮಾರು ಮೂವತ್ತಮೂರು ನಿಮಿಷದ ಈ ಕೃತಿಯ ಕಟ್ಟಡವನ್ನು ಗಮನಿಸಿದರೆ ಬೇರೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ನಾಲ್ಕು ಭಾಗಗಳ ನಡುವಿನ ಬಾಗಿಲುಗಳೆಲ್ಲ ಪಕ್ಕವಾದ್ಯದವರ ಕೈಯಲ್ಲಿವೆ. ಮೊದಲ ಭಾಗದ ಆ ಪ್ರಸಿದ್ಧ ನಾಲ್ಕು ಸ್ವರಗಳನ್ನು ಮೊದಲು ನೆಲಕ್ಕೆ ಊರುವುದು ಜಿಮ್ಮಿ ಗ್ಯಾರಿಸನ್ ಅವರ ಬಾಸ್. ಕೋಲ್ಟ್ರೇನ್ ಅದೇ ಆಕೃತಿಯನ್ನು ಶ್ರುತಿಯಿಂದ ಶ್ರುತಿಗೆ ಎತ್ತಿಡುತ್ತಾ ಹೋಗಿ, ಕೊನೆಗೆ ವಾದ್ಯ ಕೆಳಗಿಟ್ಟು ಬಾಯಲ್ಲೇ ಜಪಿಸುತ್ತಾರೆ. ದನಿ ನಿಲ್ಲುತ್ತದೆ, ಪಿಯಾನೊ ನಿಲ್ಲುತ್ತದೆ, ಡ್ರಮ್ಸ್ ನಿಲ್ಲುತ್ತದೆ. ಗ್ಯಾರಿಸನ್ ಒಬ್ಬರೇ ಉಳಿಯುತ್ತಾರೆ. ಎರಡನೆಯ ಭಾಗ ಅವರಿಂದಲೇ ತೆರೆದುಕೊಳ್ಳುತ್ತದೆ. ಮೂರನೆಯದನ್ನು ತೆರೆಯುವುದು ಡ್ರಮ್ಮರ್ ಎಲ್ವಿನ್ ಜೋನ್ಸ್ ಅವರ ತನಿ. ಅದನ್ನು ಮುಚ್ಚಿ ನಾಲ್ಕನೆಯದಕ್ಕೆ ಕರೆದೊಯ್ಯುವುದು ಮತ್ತೆ ಬಾಸ್. ಆ ನಾಲ್ಕನೆಯ ಭಾಗದಲ್ಲಿ ಕೋಲ್ಟ್ರೇನ್ ಕವರಿನೊಳಗೆ ಅಚ್ಚಾದ ತಮ್ಮದೇ ಪ್ರಾರ್ಥನೆಯನ್ನು ಅಕ್ಷರ ಅಕ್ಷರವಾಗಿ ಸ್ಯಾಕ್ಸೊಫೋನಿನಲ್ಲಿ ನುಡಿಸುತ್ತಾರೆ. ಕೃತಿಯ ಸಾಹಿತ್ಯ ವಯೊಲಿನ್ನಿನಲ್ಲಿ ಮೂಡುವುದನ್ನು ಕೇಳಿ ಬೆಳೆದವರಿಗೆ ಇದು ಹೇಳಿಕೊಡದೆಯೇ ಹತ್ತಿರವಾಗುತ್ತದೆ. ಕೆಳಗೆ ಜೋನ್ಸ್ ನಡೆ ಕಟ್ಟುವುದನ್ನೇ ಬಿಟ್ಟು ದೂರದ ಗುಡುಗಿನಂತೆ ಉರುಳಿಸುತ್ತಿರುತ್ತಾರೆ. ಸಾಹಿತ್ಯಕ್ಕೆ ಉಸಿರು ಬೇಕು, ಎಣಿಕೆ ಬೇಡ ಎಂದು ಅವರಿಗೆ ಗೊತ್ತು.

ಜೊತೆಗೂಡಿ ನುಡಿಸುವುದೆಂದರೆ ಯಾವಾಗಲೂ ಇಂಥ ಸೌಜನ್ಯವೇ ಎಂದುಕೊಳ್ಳಬೇಕಿಲ್ಲ. ಬಾಸ್‌ವಾದಕ ಚಾರ್ಲ್ಸ್ ಮಿಂಗಸ್ ತಮ್ಮ ರಚನೆಗಳನ್ನು ಎಷ್ಟೋ ಸಲ ಹಾಳೆಯಲ್ಲಿ ಬರೆದುಕೊಡದೆ ಬಾಯಲ್ಲಿ ಹಾಡಿ, ಪಿಯಾನೊದಲ್ಲಿ ತೋರಿಸಿ ಹೇಳಿಕೊಟ್ಟರು. ಗುರುಮುಖೇನ ಕಲಿತದ್ದು ಮೈಗೆ ಹತ್ತುತ್ತದೆ ಎಂಬ ನಂಬಿಕೆ ಅದು. 'ಮಿಂಗಸ್ ಆ ಉಮ್' ಕೇಳಿದರೆ ಆ ನಂಬಿಕೆ ಸುಳ್ಳಾಗಿಲ್ಲ. ಆದರೆ ಅದೇ ಮಿಂಗಸ್ 1962ರಲ್ಲಿ ತಮ್ಮ ಟ್ರಾಂಬೋನ್ ವಾದಕ ಜಿಮ್ಮಿ ನೆಪ್ಪರ್ ಅವರ ಬಾಯಿಗೆ ಗುದ್ದಿ ಹಲ್ಲು ಮುರಿದರು. ಟ್ರಾಂಬೋನ್ ನುಡಿಸುವವನಿಗೆ ಹಲ್ಲು ಎಂದರೆ ಅನ್ನ. ಸಂಗೀತ ಚೆನ್ನಾಗಿದೆ ಎಂದು ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ತಪ್ಪು.

ಹಣ ಮತ್ತು ಹೆಸರಿನ ಲೆಕ್ಕವೂ ಹಾಗೆಯೇ. ಪಕ್ಕವಾದ್ಯದವರಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ವಾದಕರ ಸಂಘ ನಿಗದಿ ಮಾಡಿದ ಒಂದು ಸಲದ ಕೂಲಿ. 'ಕೈಂಡ್ ಆಫ್ ಬ್ಲೂ' ಅಮೆರಿಕದಲ್ಲೇ 50 ಲಕ್ಷ ಪ್ರತಿಗಳ ಪ್ರಮಾಣಪತ್ರ ಪಡೆದಿದೆ. ಅದರ ಐದೂ ರಚನೆಗಳಿಗೆ ಕರ್ತೃ ಎಂದು ಅಚ್ಚಾದದ್ದು ಡೇವಿಸ್ ಒಬ್ಬರ ಹೆಸರು. 'ಬ್ಲೂ ಇನ್ ಗ್ರೀನ್' ತನ್ನದು ಎಂದು ಇವಾನ್ಸ್ ಹೇಳಿದರು. 1959ರಲ್ಲೇ ತಾವು ಮುದ್ರಿಸಿದ ಆಲ್ಬಂನಲ್ಲಿ ಅದಕ್ಕೆ ಇಬ್ಬರ ಹೆಸರೂ ಇದೆ. ಕಿವಿಯನ್ನೇ ಸಾಕ್ಷಿಗೆ ಕರೆದರೆ ಆ ನಿಧಾನದ, ತನ್ನೊಳಗೇ ಸುತ್ತುವ ಸ್ವರಸಂಯೋಜನೆ ಇವಾನ್ಸ್ ಅವರ ಕಡೆಗೇ ವಾಲುತ್ತದೆ. ಇದಕ್ಕೆ ವಿರುದ್ಧದ ಉದಾಹರಣೆಯೂ ಅದೇ 1959ರದ್ದು. ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್'ನಲ್ಲಿ ಎಲ್ಲರ ಬಾಯಲ್ಲಿ ಉಳಿದ ಐದೆಣಿಕೆಯ 'ಟೇಕ್ ಫೈವ್' ಸ್ಯಾಕ್ಸೊಫೋನಿನ ಪಾಲ್ ಡೆಸ್ಮಂಡ್ ಅವರದೆಂದೇ ದಾಖಲಾಯಿತು. ಅದರ ಗೌರವಧನವನ್ನು ಡೆಸ್ಮಂಡ್ ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟು ಹೋದರು.

ಬ್ಲೂ ನೋಟ್‌ನ ನಡುಮನೆಗೆ ಕಾಲಿಟ್ಟ ಹೆಂಗಸರು ಬೆರಳೆಣಿಕೆಯಷ್ಟು. ಜರ್ಮನಿಯಿಂದ ಬಂದ ಪಿಯಾನೊವಾದಕಿ ಯೂಟಾ ಹಿಪ್ ಅವರ ರೆಕಾರ್ಡುಗಳನ್ನು ಕಂಪನಿ 1956ರಲ್ಲಿ ತಂದಿತು. ಆಮೇಲೆ ಅವರು ಸಂಗೀತವನ್ನೇ ಬಿಟ್ಟು ನ್ಯೂಯಾರ್ಕಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಹಿಡಿದರು. ಒಬ್ಬರನ್ನೊಬ್ಬರು ಅಷ್ಟು ಚೆನ್ನಾಗಿ ಆಲಿಸಿದ ಪರಂಪರೆ ಇಂಥ ದನಿಗಳಿಗೆ ಕಿವುಡಾಗಿತ್ತು. ಯಶಸ್ಸೂ ಕೆಡಿಸಿತು. ಲೀ ಮಾರ್ಗನ್ ಅವರ 'ದಿ ಸೈಡ್‌ವೈಂಡರ್' 1964ರಲ್ಲಿ ಅನಿರೀಕ್ಷಿತವಾಗಿ ಮಾರಾಟವಾದ ಮೇಲೆ ಎಷ್ಟೋ ಆಲ್ಬಂಗಳ ಮೊದಲ ಹಾಡು ಅದೇ ಕುಣಿತದ ನಡೆಯ ನಕಲಾಯಿತು. ಶುರುವಿಗೆ ಪಲ್ಲವಿ, ಸಾಲಾಗಿ ಸೋಲೋಗಳು, ಕೊನೆಗೆ ಪಲ್ಲವಿ ಎಂಬ ಚೌಕಟ್ಟು ಹತ್ತರಲ್ಲಿ ಆರು ಸಲ ಬರೀ ಸರದಿಯ ಸಾಲಾಗಿ ಕೇಳಿಸುತ್ತದೆ. ಲಯನ್ 1965ರಲ್ಲಿ ಕಂಪನಿಯನ್ನು ಲಿಬರ್ಟಿ ಸಂಸ್ಥೆಗೆ ಮಾರಿದರು.

ಮಿಂಗಸ್ 1963ರ ಜನವರಿಯಲ್ಲಿ ಹನ್ನೊಂದು ಜನರ ತಂಡ ಕಟ್ಟಿಕೊಂಡು 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ' ಮುದ್ರಿಸಿದರು. ಆ ಗದ್ದಲದ, ಗಾಯಗೊಂಡ ಸಂಗೀತದ ನಡುವಿನಿಂದ ಒಂದು ಆಲ್ಟೊ ಸ್ಯಾಕ್ಸೊಫೋನ್ ಎದ್ದು ಅಳುತ್ತದೆ. ನುಡಿಸಿದವರು ಚಾರ್ಲಿ ಮರಿಯಾನೊ. ಮುಂದೆ ಅವರು ಮಲೇಷ್ಯಾದಲ್ಲಿ ನಾದಸ್ವರ ಕಲಿತರು, ಅದರ ಬೆನ್ನು ಹಿಡಿದು ದಕ್ಷಿಣ ಭಾರತದ ಸಂಗೀತಕ್ಕೆ ಬಂದರು. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ 1983ರಲ್ಲಿ ಅವರು ಇಸಿಎಂ ಕಂಪನಿಗೆ 'ಜ್ಯೋತಿ' ನುಡಿಸಿದರು. ಅದರಲ್ಲಿ ಡ್ರಮ್ಸ್ ಇಲ್ಲ, ಪಿಯಾನೊ ಇಲ್ಲ, ಬಾಸ್ ಇಲ್ಲ. ಆರ್.ಎ. ರಾಮಮಣಿ ಅವರ ಕಂಠ, ಮಣಿಯವರ ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಕೊನ್ನಕ್ಕೋಲು. ಇವುಗಳ ನಡುವೆ ಮರಿಯಾನೊ ಮೆರೆಯುವುದಿಲ್ಲ. ರಾಮಮಣಿಯವರ ಸಾಲು ನಿಂತಲ್ಲಿ ಎತ್ತಿಕೊಳ್ಳುತ್ತಾರೆ, ಕೊನ್ನಕ್ಕೋಲಿನವರು ಬಾಯಿ ಬಿಟ್ಟಾಗ ದಾರಿ ಬಿಡುತ್ತಾರೆ. ಆ ರೆಕಾರ್ಡಿನ ಕವರಿನ ಮೇಲೆ ಅವರ ಹೆಸರಿನ ಜೊತೆಗೇ, ಒಂದು 'ಮತ್ತು' ಹಾಕಿ, ಬೆಂಗಳೂರಿನ ತಾಳವಾದ್ಯದವರ ಶಾಲೆಯ ಹೆಸರಿದೆ.