ಬಿಳಿಪುಡಿ, ಮೀಟರು ಮತ್ತು ಒಂದು ಅಂಕಿ: ನಮ್ಮ ಶಾಸನ ಫೋಟೋಗಳ ಬಗ್ಗೆ ಒಂದು ತಕರಾರು

ಈಚಿನ ವರ್ಷಗಳಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಶಾಸನಗಳ ಫೋಟೋಗಳು ನಮ್ಮ ಗುಂಪುಗಳಲ್ಲಿ ಓಡಾಡುವುದು ತುಂಬಾ ಹೆಚ್ಚಾಗಿದೆ. ತೋಟದ ಬದಿಯಲ್ಲಿ, ಗದ್ದೆಯ ಹುಣಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಕಲ್ಲೊಂದು ಕಂಡ ಕೂಡಲೇ ಯಾರಾದರೂ ಫೋಟೋ ತೆಗೆದು ಕಳಿಸುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಹೀಗಿರಲಿಲ್ಲ, ಆದ್ದರಿಂದ ಇದು ಸಂತೋಷದ ವಿಷಯವೇ. ಆದರೆ ಆ ಫೋಟೋ ಇಟ್ಟುಕೊಂಡು ಪಾಠ ಬರೆಯಲು ಕೂತರೆ ಹೆಚ್ಚಿನವು ಅರ್ಧದಲ್ಲೇ ಕೈಕೊಡುತ್ತವೆ. ಕಲ್ಲು ಕಾಣುತ್ತದೆ, ಶಾಸನ ಇದೆ ಅಂತಲೂ ಗೊತ್ತಾಗುತ್ತದೆ, ಅಕ್ಷರ ಮಾತ್ರ ನಿಲ್ಲುವುದಿಲ್ಲ.

ಕ್ಯಾಮೆರಾ ಸಾಲದು ಅಂತ ಇದಕ್ಕೆ ಸಮಾಧಾನ ಹೇಳಿಕೊಳ್ಳುತ್ತೇವೆ. ನನ್ನ ತಕರಾರು ಅದಲ್ಲ. ಈಗ ನಮ್ಮಲ್ಲಿ ಅನೇಕರ ಕೈಯಲ್ಲಿ ಮಿರರ್‌ಲೆಸ್ ಕ್ಯಾಮೆರಾ ಇದೆ. ಅದರಿಂದ ಬರುವ ಫೋಟೋಗಳೂ ಫೋನಿನ ಫೋಟೋಗಳ ತಪ್ಪನ್ನೇ ಮಾಡುತ್ತಿವೆ, ಇನ್ನಷ್ಟು ದೊಡ್ಡ ಫೈಲಿನಲ್ಲಿ. ತಪ್ಪು ಇರುವುದು ಎಕ್ಸ್‌ಪೋಶರಿನಲ್ಲಿ, ಅಂದರೆ ಎಷ್ಟು ಬೆಳಕನ್ನು ಒಳಗೆ ಬಿಡಬೇಕು ಎಂಬ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಿ ನಾವು ಸುಮ್ಮನಿರುವುದರಲ್ಲಿ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ಬೆಳ್ತಂಗಡಿ ತಾಲೂಕಿನ ಒಂದು ದೇವಸ್ಥಾನದ ಅಂಗಳದಲ್ಲಿ, ಜೀರ್ಣೋದ್ಧಾರಕ್ಕೆ ಮೊದಲು, ಒಂದು ಕಲ್ಲಿತ್ತು. ವರ್ಷಗಟ್ಟಲೆ ಎಣ್ಣೆ, ಹೊಗೆ ತಾಗಿ ಕಪ್ಪಾಗಿದ್ದ ಕಲ್ಲು. ನಾನು ಹೋದಾಗ ಮಧ್ಯಾಹ್ನ. ನನಗಿಂತ ಮೊದಲು ಬಂದವರು ಯಾರೋ ಸಾಲುಗಳಿಗೆ ಸೀಮೆಸುಣ್ಣದ ಪುಡಿ ಉಜ್ಜಿದ್ದರು. "ಈಗ ಚಂದ ಓದಲಿಕ್ಕೆ ಆಗ್ತದೆ" ಅಂತ ಖುಷಿಪಟ್ಟು ಆಟೋ ಮೋಡಿನಲ್ಲಿ ಹತ್ತು ಫೋಟೋ ತೆಗೆದು ಮನೆಗೆ ಬಂದೆ. ಜೆಪೆಗ್ ಮಾತ್ರ, ಜಾಗ ಉಳಿಸಲು ರಾ ಬಂದ್ ಮಾಡಿಟ್ಟಿದ್ದೆ. ಶಕ ವರ್ಷದ ಮೂರನೇ ಅಂಕಿಯನ್ನು ೦ ಎಂದು ಓದಿ ಟಿಪ್ಪಣಿ ಬರೆದೆ. ಸಂವತ್ಸರದ ಹೆಸರಿನ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿತ್ತು.

ಕೆಲವು ತಿಂಗಳ ನಂತರ ಟಿಪ್ಪಣಿ ನೋಡಿದ ಹಿರಿಯರೊಬ್ಬರು ಕೇಳಿದರು: "ಅದು ೧ ಆಗಿರಲಿಕ್ಕಿಲ್ಲವಾ ಮಾರಾಯ್ರೆ?" ೦ ಮುಚ್ಚಿದ ಸುತ್ತು, ೧ ಪೂರ್ತಿ ಮುಚ್ಚದ ಸುತ್ತು. ವ್ಯತ್ಯಾಸ ಇರುವುದು ಒಂದು ಸಣ್ಣ ಬಾಯಿಯಲ್ಲಿ. ಫೋಟೋವನ್ನು ಹಿಗ್ಗಿಸಿ ಆ ಜಾಗದ ಪಿಕ್ಸೆಲ್ ಬೆಲೆ ನೋಡಿದೆ: 255, 255, 255. ಪಕ್ಕದ್ದೂ ಅದೇ, ಅದರ ಪಕ್ಕದ್ದೂ ಅದೇ. ಕೊರೆದ ಗೆರೆಯೂ ಬಿಳಿ, ಕೊರೆಯದ ಅಂತರವೂ ಬಿಳಿ. ಅಲ್ಲಿ ಮಾಹಿತಿಯೇ ಇರಲಿಲ್ಲ. ಇಲ್ಲದ್ದನ್ನು ಯಾವ ಸಾಫ್ಟ್‌ವೇರ್ ತಂದುಕೊಡುತ್ತದೆ?

ಮತ್ತೆ ಹೋದೆ. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಕಲ್ಲನ್ನು ಗೌರವದಿಂದಲೇ ಗೋಡೆ ಬದಿಗೆ ನಿಲ್ಲಿಸಿದ್ದರು, ಆದರೆ ಹೊಸ ನೆಲಹಾಸು ಏರಿದ್ದರಿಂದ ಕೆಳಗಿನ ಸಾಲುಗಳು, ತೇದಿಯೂ ಸೇರಿ, ಕಾಂಕ್ರೀಟಿನ ಒಳಗೆ. ಯಾರನ್ನು ದೂರುವುದು? ಕಲ್ಲು ಎದುರಿಗೆ ಇದ್ದಾಗ ಸರಿಯಾಗಿ ನೋಡದೆ ಬಂದವನು ನಾನು.

ಒಂದು ಅಂಕಿ ಅಷ್ಟು ದೊಡ್ಡದಾ ಅಂತ ಕೇಳಬಹುದು. ಲೆಕ್ಕಕ್ಕೆ ಬೇರೆ ಒಂದು ಜೋಡಿ ತಗೊಳ್ಳಿ: ಶಕ 1405 ಮತ್ತು 1415. ಮೊದಲನೆಯದು ಕ್ರಿ.ಶ. 1483-84, ಶೋಭಕೃತು ಸಂವತ್ಸರ, ವಿಜಯನಗರದಲ್ಲಿ ಸಂಗಮರ ಕೊನೆಗಾಲ. ಎರಡನೆಯದು 1493-94, ಪ್ರಮಾದೀಚ ಸಂವತ್ಸರ, ಆಗ ಸಾಳುವರ ಆಳ್ವಿಕೆ. ನಡುವೆ 1485ರಲ್ಲಿ ರಾಜವಂಶವೇ ಬದಲಾಗಿದೆ. ಸಂವತ್ಸರದ ಹೆಸರು ಉಳಿದಿದ್ದರೆ ಅದು ನಮ್ಮ ತಪ್ಪನ್ನು ಹಿಡಿದುಕೊಡುತ್ತದೆ. ಅಳಿಸಿಹೋಗಿದ್ದರೆ ಆ ಸುತ್ತಿನ ಬಾಯಿಯೊಂದೇ ಸಾಕ್ಷಿ.

ವೇಣೂರಿನ ಬಾಹುಬಲಿಯ ಶಾಸನಗಳ ವಿಷಯದಲ್ಲಿ ನಮಗೆ ಈ ಕಷ್ಟ ಇಲ್ಲ. ಶಕ 1525, ಶೋಭಕೃತು, ಫಾಲ್ಗುಣ ಶುದ್ಧ ದಶಮಿ, ಗುರುವಾರ ಎಂದು ವಿವರ ಇರುವುದರಿಂದ ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಿ 1604ರ ಮಾರ್ಚ್ 1 ಎಂದು ನಿಲ್ಲಿಸಬಹುದು. ಕಾರ್ಕಳ, ವೇಣೂರು, ಶ್ರವಣಬೆಳಗೊಳದ ಗೊಮ್ಮಟ ಶಾಸನಗಳನ್ನು ಹುಲ್ಶ್ ಅವರು ಎಪಿಗ್ರಾಫಿಯಾ ಇಂಡಿಕಾದ 7ನೇ ಸಂಪುಟದಲ್ಲಿ ಒಟ್ಟಿಗೆ ಸಂಪಾದಿಸಿ ನೂರು ವರ್ಷ ದಾಟಿದೆ. ಊರಿನ ಸಣ್ಣ ಕಲ್ಲುಗಳಿಗೆ ಆ ಭಾಗ್ಯ ಇಲ್ಲ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದುದರಿಂದ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ವ್ಯಾಪ್ತಿಗೆ ಬರಲಿಲ್ಲ. ನಮ್ಮ ಜಿಲ್ಲೆಯ ಅನೇಕ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್‌ನ 7ನೇ ಸಂಪುಟದಲ್ಲಿ ಅಚ್ಚಾದವು. ಅಲ್ಲಿ ಇರುವುದು ಮುಖ್ಯವಾಗಿ ಪಾಠ. ಆ ಪಾಠವನ್ನು ಇವತ್ತು ಮರುಪರಿಶೀಲಿಸಬೇಕಾದರೆ ನಮಗೆ ಬೇಕಾದ್ದು ಕಲ್ಲು, ಇಲ್ಲವೇ ಪಡಿಯಚ್ಚು, ಇಲ್ಲವೇ ನಂಬಬಹುದಾದ ಫೋಟೋ. ಕಲ್ಲು ಮರೆಯಾದ ಕಡೆ ಫೋಟೋವೇ ಮೂಲ ಆಗುತ್ತದೆ. ಹಾಗಾಗಿ ಫೋಟೋವನ್ನೂ ನಾವು ಪಾಠವನ್ನು ಪ್ರಶ್ನಿಸುವ ಹಾಗೆಯೇ ಪ್ರಶ್ನಿಸಬೇಕು.

ಮೀಟರು ಏನು ಮಾಡುತ್ತದೆ?

ಕ್ಯಾಮೆರಾದ ಮೀಟರಿಗೆ ಕಲ್ಲು ಕಪ್ಪೋ ಬಿಳಿಯೋ ಗೊತ್ತಿಲ್ಲ. ಎದುರಿಗಿದ್ದದ್ದನ್ನೆಲ್ಲ ಮಧ್ಯಮ ಬೂದು ಬಣ್ಣ ಎಂದು ಭಾವಿಸಿ ಅದು ಲೆಕ್ಕ ಹಾಕುತ್ತದೆ. ಎಣ್ಣೆಗಪ್ಪು ಹಿಡಿದ ಕಣಶಿಲೆ ಫ್ರೇಮಿನ ತುಂಬ ಇದ್ದರೆ, "ಇಲ್ಲಿ ಬೆಳಕು ಕಡಿಮೆ" ಎಂದು ತಿಳಿದು ಎಕ್ಸ್‌ಪೋಶರ್ ಏರಿಸುತ್ತದೆ. ಕಲ್ಲು ಬೂದಾಗುತ್ತದೆ, ಪುಡಿ ತುಂಬಿದ ಅಕ್ಷರ ಉರಿದುಹೋಗುತ್ತದೆ. ನನಗಾದದ್ದು ಇದೇ. ಸುಣ್ಣ ಬಳಿದ ಗೋಡೆಗೆ ಒರಗಿಸಿದ ಕಲ್ಲಾದರೆ ಇದು ತಿರುಗುಮುರುಗು: ಗೋಡೆಯ ಬಿಳುಪಿಗೆ ಹೆದರಿ ಮೀಟರು ಎಕ್ಸ್‌ಪೋಶರ್ ಇಳಿಸುತ್ತದೆ, ಅಕ್ಷರ ಕತ್ತಲಲ್ಲಿ ಮುಳುಗುತ್ತದೆ. ವೇಣೂರಿನಂಥ ಬಯಲಿನಲ್ಲಿ ಆಕಾಶ ಫ್ರೇಮಿಗೆ ಬಂದರೂ ಅದೇ ಕಥೆ.

ನಮ್ಮ ಕಡೆ ಇನ್ನೊಂದು ತೊಂದರೆ ಮುರಕಲ್ಲು. ಸುತ್ತಲಿನ ಕಟ್ಟೆ, ಅಂಗಳ, ಮಣ್ಣು ಎಲ್ಲ ಕೆಂಪು. ಅದರ ಮೇಲೆ ಬಿದ್ದ ಬಿಸಿಲು ಕಲ್ಲಿನ ಮೇಲೂ ಕೆಂಪಾಗಿಯೇ ಬೀಳುತ್ತದೆ. ಕುಂಕುಮ ಹಚ್ಚಿದ್ದರಂತೂ ಕೇಳುವುದೇ ಬೇಡ. ಒಟ್ಟು ಹಿಸ್ಟೋಗ್ರಾಮ್ ಸರಿ ಇದ್ದ ಹಾಗೆ ತೋರಿದರೂ ಕೆಂಪು ಚಾನೆಲ್ ಒಂದೇ ಮಿತಿ ಮೀರಿರುತ್ತದೆ.

ಮಿರರ್‌ಲೆಸ್ ಕ್ಯಾಮೆರಾದ ನಿಜವಾದ ಉಪಯೋಗ ಇಲ್ಲಿ. ಹಳೆ ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ನಾವು ನೋಡುತ್ತಿದ್ದದ್ದು ಕನ್ನಡಿಯಿಂದ ಬಂದ ದೃಶ್ಯ, ಫಲಿತಾಂಶ ಗೊತ್ತಾಗುತ್ತಿದ್ದದ್ದು ಕ್ಲಿಕ್ಕಿಸಿದ ಮೇಲೆ. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಕಂಡದ್ದನ್ನೇ ಕ್ಲಿಕ್ಕಿಸುವ ಮೊದಲೇ ನೋಡುತ್ತೇವೆ, ಹಿಸ್ಟೋಗ್ರಾಮ್ ಮತ್ತು ಜೀಬ್ರಾ ಪಟ್ಟಿಗಳ ಸಮೇತ. ಆದರೆ ಒಂದು ಮೋಸ ಇದೆ. ಆ ಹಿಸ್ಟೋಗ್ರಾಮ್ ರಾ ಫೈಲಿನದ್ದಲ್ಲ, ಸಾಮಾನ್ಯವಾಗಿ ಜೆಪೆಗ್ ಮುನ್ನೋಟದ್ದು. ನಾವು ಆಯ್ದ ಪಿಕ್ಚರ್ ಸ್ಟೈಲ್, ಕಾಂಟ್ರಾಸ್ಟ್, ವೈಟ್ ಬ್ಯಾಲೆನ್ಸ್ ಬದಲಾದರೆ ಅದೂ ಬದಲಾಗುತ್ತದೆ. "ವಿವಿಡ್" ಇಟ್ಟುಕೊಂಡು ಹಿಸ್ಟೋಗ್ರಾಮ್ ನಂಬುವುದು, ತೂಕದ ತಟ್ಟೆಗೆ ಕೈಯಿಟ್ಟು ಅಕ್ಕಿ ತೂಗಿದ ಹಾಗೆ.

ನಾನು ಈಗ ಇಟ್ಟುಕೊಳ್ಳುವ ಸೆಟ್ಟಿಂಗ್

1. ರಾ ಕಡ್ಡಾಯ. 8 ಬಿಟ್ ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384. ಸವೆದ ಅಕ್ಷರದ ಅಂಚು ಈ ಮೆಟ್ಟಿಲುಗಳ ನಡುವೆಯೇ ಅಡಗಿರುವುದು.

2. ಪಿಕ್ಚರ್ ಸ್ಟೈಲ್ ನ್ಯೂಟ್ರಲ್. ಕ್ಯಾನನ್‌ನ ಆಟೋ ಲೈಟಿಂಗ್ ಆಪ್ಟಿಮೈಸರ್, ನಿಕಾನ್‌ನ ಆಕ್ಟಿವ್ ಡಿ-ಲೈಟಿಂಗ್, ಸೋನಿಯ ಡಿಆರ್‌ಒ ಬಂದ್. ಇವು ನೆರಳನ್ನು ತಾವಾಗಿ ಎತ್ತಿ ಮುನ್ನೋಟವನ್ನು ಕೆಡಿಸುತ್ತವೆ. ಶಾಸನದಲ್ಲಿ ನೆರಳೇ ಅಕ್ಷರ ಎಂಬುದು ಕ್ಯಾಮೆರಾಕ್ಕೆ ಗೊತ್ತಿಲ್ಲ.

3. ಮ್ಯಾನುವಲ್ ಮೋಡ್, ಐಎಸ್‌ಒ 100, ಅಪರ್ಚರ್ ಎಫ್/8, ಟ್ರೈಪಾಡ್, 2 ಸೆಕೆಂಡಿನ ಟೈಮರ್. ಶಟರ್ ವೇಗ ಎಷ್ಟಾದರೂ ಆಗಲಿ, ಕಲ್ಲು ಎದ್ದು ಓಡುವುದಿಲ್ಲ. ಮೂಡುಬಿದಿರೆಯ ಬಸದಿಗಳ ಒಳಗಿನ ಮಬ್ಬಿನಲ್ಲಿ ಕೈಯಲ್ಲೇ ಹಿಡಿದು ಐಎಸ್‌ಒ 6400ರಲ್ಲಿ ತೆಗೆದ ಫೋಟೋಗಳನ್ನು ನೋಡಿದ್ದೇನೆ. ನಾಯ್ಸ್ ರಿಡಕ್ಷನ್ ತೆಳು ಗೆರೆಗಳನ್ನು ಒರೆಸಿ ಮೇಣದ ಹಾಗೆ ಮಾಡಿರುತ್ತದೆ. ಅನುಮತಿ ಕೇಳಿ ಟ್ರೈಪಾಡ್ ಇಟ್ಟರೆ ಈ ತಾಪತ್ರಯ ಇಲ್ಲ. ಬಿಡದ ಕಡೆ ಕಂಬಕ್ಕೋ ಗೋಡೆಗೋ ಒರಗಿ ಹಲವು ಫೋಟೋ ತೆಗೆಯಿರಿ.

4. ಮೊದಲ ಫೋಟೋದಲ್ಲಿ 18 ಪ್ರತಿಶತದ ಗ್ರೇ ಕಾರ್ಡ್ ಮತ್ತು ಅಳತೆಪಟ್ಟಿ, ಕಲ್ಲಿನ ಮುಖಕ್ಕೆ ಸಮನಾಗಿ, ಅದರ ಮೇಲೆ ಬಿದ್ದ ಬೆಳಕೇ ಇದರ ಮೇಲೂ ಬೀಳುವ ಹಾಗೆ. ಸ್ಪಾಟ್ ಮೀಟರಿನಿಂದ ಕಾರ್ಡನ್ನು ಅಳೆದರೆ ಮೀಟರಿನ ಊಹೆಗೆ ಒಂದು ಆಧಾರ ಸಿಗುತ್ತದೆ.

5. ಮೂರು ಬಣ್ಣದ ಹಿಸ್ಟೋಗ್ರಾಮ್ ಹಾಕಿ, ಜೀಬ್ರಾ 100+ ಇಡಿ. ಅಕ್ಷರ ಇರುವ ಭಾಗದಲ್ಲಿ ಪಟ್ಟಿ ಕಂಡರೆ ಅದು ಮಾಯವಾಗುವ ತನಕ ಶಟರ್ ವೇಗ ಏರಿಸಿ. ಕಂಡೇ ಇಲ್ಲವಾದರೆ ಕಾಣುವ ಅಂಚಿನ ತನಕ ಇಳಿಸಿ, ಸ್ವಲ್ಪ ಹಿಂದೆ ಬನ್ನಿ. ಉರಿಯದಷ್ಟು ಗರಿಷ್ಠ ಬೆಳಕು, ಅಷ್ಟೇ ಸೂತ್ರ. ಫ್ರೇಮಿನ ಮೂಲೆಯ ಆಕಾಶ ಉರಿದರೆ ಉರಿಯಲಿ.

6. ಅನುಮಾನ ಇದ್ದರೆ ಒಂದು ಸ್ಟಾಪ್ ಕೆಳಗೆ, ಒಂದು ಮೇಲೆ, ಇನ್ನೆರಡು ಫೋಟೋ. ಮತ್ತೊಮ್ಮೆ ಉಜಿರೆಗೋ ವಿಟ್ಲಕ್ಕೋ ಹೋಗುವ ಬಸ್ ಖರ್ಚಿಗಿಂತ ಇದು ಅಗ್ಗ.

ಎಲ್‌ಇಡಿ ದೀಪ ಬಳಸುವವರಿಗೆ ಒಂದು ಎಚ್ಚರಿಕೆ: ಸೈಲೆಂಟ್ ಶಟರ್ ಹಾಕಬೇಡಿ. ದೀಪದ ಮಿಣುಕಿಗೆ ಫೋಟೋದಲ್ಲಿ ಅಡ್ಡಪಟ್ಟಿ ಬೀಳುತ್ತದೆ, ಸಾಲಿನ ನಡುವೆ ಬಿದ್ದರೆ ಸವೆತವೋ ಪಟ್ಟಿಯೋ ತಿಳಿಯುವುದಿಲ್ಲ.

ಎಕ್ಸ್‌ಪೋಶರ್ ಒಂದೇ ಸಾಲದು

ಇಷ್ಟೆಲ್ಲ ಹೇಳಿ ಒಂದು ಮಾತು ಒಪ್ಪಿಕೊಳ್ಳಬೇಕು. ಬೆಳಕು ಎದುರಿನಿಂದ ಬಿದ್ದರೆ ಎಕ್ಸ್‌ಪೋಶರ್ ಎಷ್ಟೇ ಸರಿ ಇದ್ದರೂ ಅಕ್ಷರ ಏಳುವುದಿಲ್ಲ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಓರೆಯಾಗಿ ಬರಬೇಕು. ಬೆಳಗ್ಗಿನ ಅಥವಾ ಸಂಜೆಯ ಬಿಸಿಲು ಸಿಗದಿದ್ದರೆ ಒಂದು ಟಾರ್ಚ್, ನೆರಳಿಗೆ ಒಂದು ಕೊಡೆ. ಎಡ, ಬಲ, ಮೇಲೆ, ಕೆಳಗೆ, ನಾಲ್ಕು ಕಡೆಯಿಂದ ಒಂದೊಂದು ಫೋಟೋ, ಕ್ಯಾಮೆರಾ ಅಲುಗಿಸದೆ, ಎಕ್ಸ್‌ಪೋಶರ್ ಬದಲಿಸದೆ. ಎಡದ ಬೆಳಕಿನಲ್ಲಿ ಕಾಣದ ಅಡ್ಡಗೆರೆ ಯಾವುದು, ಮೇಲಿನ ಬೆಳಕಿನಲ್ಲಿ ಕಾಣದ ಲಂಬ ಗೆರೆ ಯಾವುದು ಎಂದು ಹೋಲಿಸಲು ಮ್ಯಾನುವಲ್ ಮೋಡೇ ಬೇಕು. 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ಮತ್ತವರ ಜೊತೆಗಾರರು ಹೊರತಂದ ವಿಧಾನ, ಈಗ ಆರ್‌ಟಿಐ ಎಂಬ ಹೆಸರಿನಲ್ಲಿ ಬೆಳೆದಿರುವುದು, ಮೂಲದಲ್ಲಿ ಈ ಕೆಲಸವನ್ನೇ ಹತ್ತಾರು ದಿಕ್ಕಿನ ಬೆಳಕಿನಿಂದ ಮಾಡುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ, ಅದು ಇನ್ನೂ ಒಳ್ಳೆಯದು. ನಮ್ಮ ಮೂರು ತಾಲೂಕಿನ ಪ್ರತಿ ಕಲ್ಲಿನ ಬುಡಕ್ಕೂ ಸ್ಕ್ಯಾನರ್ ಬರುವ ತನಕ ನಮ್ಮ ಕೈಯಲ್ಲಿರುವುದು ಕ್ಯಾಮೆರಾ ಮತ್ತು ಟಾರ್ಚ್.

ಓರೆ ಬೆಳಕಿದ್ದರೆ ಪುಡಿಯೇ ಬೇಡ. ಪುಡಿಯ ಬಗ್ಗೆ ನನ್ನ ದೊಡ್ಡ ಆಕ್ಷೇಪ ಕಲ್ಲು ಹಾಳಾಗುವುದೊಂದೇ ಅಲ್ಲ. ಪುಡಿ ತುಂಬುವವರು ತಮಗೆ ಕಂಡ ಅಕ್ಷರಕ್ಕೆ ಮಾತ್ರ ತುಂಬುತ್ತಾರೆ. ಅಂದರೆ ನಾವು ಫೋಟೋ ಎಂದು ನೋಡುತ್ತಿರುವುದು ಅವರ ಓದು. ಅವರು ಬಿರುಕನ್ನು ಗೆರೆ ಎಂದುಕೊಂಡಿದ್ದರೆ ನಾವೂ ಹಾಗೆಯೇ ಓದುತ್ತೇವೆ. ತುಳು ಲಿಪಿಯ ಕಲ್ಲುಗಳಲ್ಲಂತೂ ಓದಬಲ್ಲವರು ಕಡಿಮೆ, ಪುಡಿ ಹಚ್ಚುವವರು ಜಾಸ್ತಿ. ಪಡಿಯಚ್ಚು ತೆಗೆಯುವವನಿಗೆ ಲಿಪಿ ಬಾರದಿದ್ದರೂ ಕಾಗದ ಕಲ್ಲಿನ ಮೈಯನ್ನೇ ಹಿಡಿಯುತ್ತದೆ, ಅವನ ಊಹೆಯನ್ನಲ್ಲ. ನಮ್ಮ ಫೋಟೋ ಆ ಮಟ್ಟಕ್ಕೆ ಬರಬೇಕು.

ಫೋನಿನ ಎಚ್‌ಡಿಆರ್, ಎಐ ಶಾರ್ಪ್‌ನೆಸ್ ಬಗ್ಗೆಯೂ ಇದೇ ಮಾತು. ಅವು ಮಸುಕಾದ ಅಂಚನ್ನು ತಮಗೆ ತೋಚಿದ ಹಾಗೆ ಗಟ್ಟಿ ಮಾಡುತ್ತವೆ. ಬೆಕ್ಕಿನ ಫೋಟೋಗೆ ಅದು ಪರವಾಗಿಲ್ಲ. ರ ಮತ್ತು ಠ ನಡುವೆ ಒಂದು ಚುಕ್ಕೆಯ ವ್ಯತ್ಯಾಸ ಇರುವ ಲಿಪಿಗೆ ಪರವಾಗಿದೆ. ಹಾಗೆ ನೋಡಿದರೆ, ಬೆಳಗ್ಗಿನ ಓರೆ ಬಿಸಿಲಲ್ಲಿ ಎಕ್ಸ್‌ಪೋಶರ್ ಇಳಿಸಿ, ಎಚ್‌ಡಿಆರ್ ಬಂದ್ ಮಾಡಿ ತೆಗೆದ ಹಳೆ ಫೋನಿನ ಫೋಟೋ, ಮಧ್ಯಾಹ್ನ ಆಟೋದಲ್ಲಿ ತೆಗೆದ ಎರಡು ಲಕ್ಷದ ಕ್ಯಾಮೆರಾದ ಫೋಟೋಗಿಂತ ಹೆಚ್ಚು ಓದಿಸಿಕೊಳ್ಳುತ್ತದೆ.

ಇನ್ನು ಮುಂದೆ ಯಾರೇ ಹೊಸ ಓದು ಪ್ರಕಟಿಸಿದರೂ, ನಾನೂ ಸೇರಿ, ಜೊತೆಗೆ ಕತ್ತರಿಸದ ಒಂದು ಫೋಟೋ, ತೆಗೆದ ಹೊತ್ತು, ಬೆಳಕು ಬಂದ ದಿಕ್ಕು, ಕಲ್ಲಿಗೆ ಏನಾದರೂ ಹಚ್ಚಿತ್ತೇ ಎಂಬ ವಿವರ ಕೊಡೋಣ. ರಾ ಫೈಲ್ ಅಳಿಸದೆ ಇಡೋಣ. ಉರಿದುಹೋದ ಜಾಗದ ಅಕ್ಷರವನ್ನು ತ್ರುಟಿತ ಎಂದು ಬರೆಯುವುದೂ ಸರಿಯಲ್ಲ. ಕಲ್ಲು ಅಲ್ಲಿ ಒಡೆದಿಲ್ಲ, ನಮ್ಮ ಫೋಟೋ ಕೆಟ್ಟಿದೆ. ಹಾಗೆಯೇ ಬರೆಯೋಣ.

ನನ್ನ ಟಿಪ್ಪಣಿಯಲ್ಲಿ ಆ ಅಂಕಿಯ ಜಾಗದಲ್ಲಿ ಈಗ ಪ್ರಶ್ನಾರ್ಥಕ ಚಿಹ್ನೆ ಇದೆ, ಕಾರಣವನ್ನೂ ಬರೆದಿದ್ದೇನೆ. ಬೆಳ್ತಂಗಡಿ ಕಡೆಯ ದೇವಸ್ಥಾನಗಳಲ್ಲಿ ಜೀರ್ಣೋದ್ಧಾರಕ್ಕೆ ಮೊದಲು ತೆಗೆದ ಹಳೆಯ ಫೋಟೋಗಳು ನಿಮ್ಮಲ್ಲಿದ್ದರೆ ದಯವಿಟ್ಟು ಒಮ್ಮೆ ಹುಡುಕಿ. ಮದುವೆ, ಜಾತ್ರೆ, ಬ್ರಹ್ಮಕಲಶ, ಯಾವುದರದ್ದಾದರೂ ಆಗಲಿ. ಯಾರದೋ ಹಿಂದೆ, ಓರೆ ಬಿಸಿಲಲ್ಲಿ, ಪುಡಿ ಹಚ್ಚದ ಒಂದು ಕರಿಕಲ್ಲು ನಿಂತಿರಬಹುದು.