ಮೂರ್ತಿಯ ಎಡ-ಬಲ ಅರಿತು ನೋಡಿ

ಬೆಳಗಾವಿ ಕೋಟೆಯ ಕಮಲ ಬಸದಿಗೆ ಹೋದವರೆಲ್ಲ ಕತ್ತೆತ್ತಿ ಛತ್ತಿನ ಕಮಲ ನೋಡುತ್ತಾರೆ. ನೋಡಲೇಬೇಕು. ಆದರೆ ರಟ್ಟ ವಂಶದ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಈ ಬಸದಿ ಮನುಷ್ಯದೇಹ ಓದುವುದನ್ನು ಕಲಿಯಲಿಕ್ಕೂ ಒಳ್ಳೆಯ ಜಾಗ.

ಮೊದಲ ಪಾಠ: ಎಡ, ಬಲ ಎಂದರೆ ಮೂರ್ತಿಯದು, ನೋಡುವ ನಿಮ್ಮದಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಯುವವರಿಗೂ ಇದೇ ನಿಯಮ. ಮೇಜಿನ ಮೇಲೆ ದೇಹ ಮಲಗಿದ್ದರೂ ಅದು ನೆಟ್ಟಗೆ ನಿಂತಿದೆ, ಅಂಗೈ ಮುಂದೆ ಮಾಡಿದೆ ಎಂದೇ ಭಾವಿಸಿ ದಿಕ್ಕು ಹೇಳುತ್ತಾರೆ.

ಆಮೇಲೆ, ಗೌಂಡಿ ಗೋಡೆಗೆ ತೂಗುಗುಂಡು ಬಿಡುವ ಹಾಗೆ, ಮೂರ್ತಿಯ ನೆತ್ತಿಯಿಂದ ಮನಸ್ಸಿನಲ್ಲೇ ಒಂದು ದಾರ ಇಳಿಬಿಡಿ. ವೈದ್ಯರಿಗೆ ಅದು ಮಧ್ಯರೇಖೆ, ಶಿಲ್ಪಿಗೆ ಬ್ರಹ್ಮಸೂತ್ರ. ಈ ಬಸದಿಯಲ್ಲಿ ಕಾಯೋತ್ಸರ್ಗದಲ್ಲಿ, ಅಂದರೆ ಕೈ ಇಳಿಬಿಟ್ಟು ನೆಟ್ಟಗೆ, ನಿಂತ ತೀರ್ಥಂಕರ ಸುಮತಿನಾಥನಲ್ಲಿ ಅದು ಮೂಗು, ಹೊಕ್ಕುಳ ದಾಟಿ ಎರಡು ಹಿಮ್ಮಡಿಗಳ ನಡುವೆ ಬೀಳಬೇಕು. ಅಂಗೈಗಳು ಇಲ್ಲಿ ತೊಡೆಯ ಕಡೆ ತಿರುಗಿರುತ್ತವೆ. ಪದ್ಮಾಸನದಲ್ಲಿ ಕುಳಿತ ತೀರ್ಥಂಕರನಿಗೆ ನಾಲ್ಕು ಅಳತೆ: ಮಂಡಿಯಿಂದ ಮಂಡಿಗೆ, ಎಡಮಂಡಿಯಿಂದ ಬಲಭುಜಕ್ಕೆ, ಬಲಮಂಡಿಯಿಂದ ಎಡಭುಜಕ್ಕೆ, ಪೀಠದಿಂದ ಕೂದಲಂಚಿಗೆ. ಶಾಸ್ತ್ರದ ಪ್ರಕಾರ ನಾಲ್ಕೂ ಸಮ. ಆ ನಿಶ್ಚಲತೆ ಬರೀ ಮುಖಭಾವದಿಂದ ಬಂದದ್ದಲ್ಲ, ಈ ಅಳತೆಯಿಂದ ಬಂದದ್ದು. ನನಗೆ ಇದಕ್ಕಿಂತ ದೊಡ್ಡ ಸೋಜಿಗ ಛತ್ತಿನ ಕಮಲದಲ್ಲೂ ಕಂಡಿಲ್ಲ.

ದಾರದಿಂದ ದೇಹ ತುಸು ಸರಿದರೆ ಆಭಂಗ. ಸೊಂಟ ಒಂದು ಕಡೆ, ಎದೆ ಇನ್ನೊಂದು ಕಡೆ, ತಲೆ ಮತ್ತೆ ಸೊಂಟದ ಕಡೆ ವಾಲಿದರೆ ತ್ರಿಭಂಗ. ಭಾರವೆಲ್ಲ ಒಂದೇ ಕಾಲಿನ ಮೇಲಿರುತ್ತದೆ. ಇನ್ನೊಂದರ ಮಂಡಿ ಸಡಿಲ. ಅನುಮಾನವಿದ್ದರೆ ಅಲ್ಲೇ ಹಾಗೆ ನಿಂತು ನೋಡಿ. ನಿಮ್ಮ ಸೊಂಟವೇ ಉತ್ತರ ಹೇಳುತ್ತದೆ.

ಇಷ್ಟು ರೂಢಿಯಾದ ಮೇಲೆ ಖಾನಾಪುರದಿಂದ ನಂದಗಡದ ದಾರಿ ಹಿಡಿದು ಹಲಸಿಗೆ ಹೋಗಿ. ಒಂದು ಕಾಲಕ್ಕೆ ಕದಂಬರ ಎರಡನೆಯ ರಾಜಧಾನಿ ಪಲಾಶಿಕೆ ಅದು. ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು: ಒಂದರಲ್ಲಿ ಕುಳಿತ ವಿಷ್ಣು, ಇನ್ನೊಂದರಲ್ಲಿ ವರಾಹ. ನಡುವೆ ನಿಂತು ಎರಡೂ ಕಡೆ ತಿರುಗಿ ನೋಡಿ. ವರಾಹನ ಯಾವ ಕಾಲು ಮಡಿಚಿದೆ, ಯಾವುದು ಚಾಚಿದೆ, ಭಾರ ಎತ್ತ ಬಿದ್ದಿದೆ? ಅಲಂಕಾರದ ಬಟ್ಟೆ ಮಂಡಿಯನ್ನು ಮುಚ್ಚಿದ್ದರೆ ಅಭಿಷೇಕದ ಹೊತ್ತು ಯಾವುದೆಂದು ಅರ್ಚಕರನ್ನು ಕೇಳಿಕೊಂಡು ಆಗ ಹೋಗಿ.